ಸೈನ್ಯ ಯಾರದು, ಖರ್ಚು ಯಾರದು

ಮಲೆಬೆನ್ನೂರಿನಿಂದ ಹರಿಹರಕ್ಕೆ ಬಂದು ತುಂಗಭದ್ರೆಯ ಸೇತುವೆ ದಾಟಿದರೆ ರಾಣೆಬೆನ್ನೂರು ಸೀಮೆ. ಹೊಳೆ ದಾಟದೆ ಬಡಗಣಕ್ಕೆ ಹೊರಳಿದರೆ ಹರಪನಹಳ್ಳಿ ಸೀಮೆ. ಇಂದು ಮೂರೂ ಒಂದೇ ರಾಜ್ಯದ ತಾಲ್ಲೂಕುಗಳು. ಆದರೆ 1953ರ ಅಕ್ಟೋಬರ್ 1ರವರೆಗೆ ಹರಪನಹಳ್ಳಿ ಮದ್ರಾಸಿನ ಆಡಳಿತದಲ್ಲಿತ್ತು. 1956ರ ನವೆಂಬರ್ 1ರವರೆಗೆ ರಾಣೆಬೆನ್ನೂರು ಮುಂಬೈಗೆ ಸೇರಿತ್ತು. ಹರಿಹರ, ಮಲೆಬೆನ್ನೂರು ಮೈಸೂರಿನಲ್ಲಿದ್ದವು. ಜನ ಆಡುವ ಮಾತು ಒಂದೇ, ಬಿತ್ತುವ ಜೋಳ ಒಂದೇ, ಹೋಗುವ ಜಾತ್ರೆಗಳೂ ಒಂದೇ. ಕಂದಾಯ ಮಾತ್ರ ಮೂರು ಸರ್ಕಾರಗಳಿಗೆ.

ಈ ಗೆರೆಗಳನ್ನು ಎಳೆದವರು ಜನರ ಭಾಷೆಯನ್ನು ನೋಡಲಿಲ್ಲ, ನೆಂಟಸ್ತಿಕೆಯನ್ನೂ ನೋಡಲಿಲ್ಲ. 1790ರಿಂದ 1818ರವರೆಗೆ ದಖ್ಖನ್ನಿನಲ್ಲಿ ಒಂದರ ಮೇಲೊಂದರಂತೆ ಸೇನಾ ಮೈತ್ರಿಗಳು ಆದವು. ಯುದ್ಧಕ್ಕೆ ಯಾರು ಎಷ್ಟು ಕುದುರೆ ತರಬೇಕು, ಯಾರು ಎಷ್ಟು ಹಣ ಕೊಡಬೇಕು, ಹಣ ಇಲ್ಲದಿದ್ದರೆ ಯಾವ ಸೀಮೆ ಬಿಟ್ಟುಕೊಡಬೇಕು ಎಂಬ ಕರಾರುಗಳು ಬರೆಯಲ್ಪಟ್ಟವು. ಆ ಕರಾರುಗಳ ಲೆಕ್ಕ ಚುಕ್ತಾ ಆದ ಬಗೆಯೇ ಹರಿಹರದ ಸುತ್ತಲಿನ ಗಡಿಗಳಾಗಿ ಉಳಿಯಿತು. ಜಂಟಿ ರಕ್ಷಣೆ ಎಂದರೇನು, ಅದರ ಹೊಣೆ ಹೇಗೆ ಹಂಚಿಕೆಯಾಗುತ್ತದೆ, ಹಂಚಿಕೆ ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಈ ಪ್ರಶ್ನೆ ಹಳೆಯದಾಗಿಲ್ಲ. 2025ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಸೇರಿದ ನೇಟೊ ಸೇನಾ ಮೈತ್ರಿಯ ದೇಶಗಳು, 2035ರ ಹೊತ್ತಿಗೆ ತಮ್ಮ ಒಟ್ಟು ದೇಶೀಯ ಉತ್ಪನ್ನದ ಶೇ 5ರಷ್ಟನ್ನು ರಕ್ಷಣೆಗೆ ಮೀಸಲಿಡಲು ಒಪ್ಪಿದವು. ಅದರಲ್ಲಿ ಶೇ 3.5 ನೇರವಾಗಿ ಸೈನ್ಯಕ್ಕೆ; ಉಳಿದ ಶೇ 1.5 ರಸ್ತೆ, ಸೇತುವೆ, ಬಂದರು, ಸೈಬರ್ ಭದ್ರತೆಯಂಥ ಪೂರಕ ಕೆಲಸಗಳಿಗೆ. ಈ ಸುದ್ದಿ ಬಂದಾಗಲೆಲ್ಲ ಒಂದು ತಪ್ಪು ತಿಳಿವಳಿಕೆಯೂ ಜೊತೆಗೇ ಬರುತ್ತದೆ. ಇದು ನೇಟೊ ಕಚೇರಿಗೆ ಕಟ್ಟುವ ಚಂದಾ ಎಂದು ಅನೇಕರು ಭಾವಿಸುತ್ತಾರೆ. ಪ್ರತಿಯೊಂದು ದೇಶ ತನ್ನದೇ ಸೈನ್ಯಕ್ಕೆ, ತನ್ನದೇ ಖಜಾನೆಯಿಂದ, ತನ್ನದೇ ಸಂಸತ್ತಿನ ಒಪ್ಪಿಗೆಯಿಂದ ಮಾಡುವ ಖರ್ಚು ಇದು. ಎಲ್ಲರೂ ಸೇರಿ ಹಾಕುವ ಸಾಮಾನ್ಯ ನಿಧಿಯೂ ಒಂದಿದೆ, ಆದರೆ ಒಟ್ಟು ವೆಚ್ಚದ ಮುಂದೆ ಅದು ಬಹಳ ಸಣ್ಣದು.

1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ನೇಟೊ ಒಪ್ಪಂದದಲ್ಲಿ ಎಲ್ಲರೂ ಹೆಸರಿಸುವುದು 5ನೇ ವಿಧಿಯನ್ನು: ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಅದೇ ವಿಧಿಯ ಮುಂದಿನ ಮಾತನ್ನು ಗಮನಿಸುವವರು ಕಡಿಮೆ. ದಾಳಿಯಾದಾಗ ಪ್ರತಿ ದೇಶ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳಬೇಕು ಎಂದಷ್ಟೇ ಅಲ್ಲಿದೆ. ಸೈನ್ಯವನ್ನೇ ಕಳಿಸಬೇಕು, ಇಷ್ಟೇ ಕಳಿಸಬೇಕು ಎಂಬ ಕಟ್ಟಳೆ ಇಲ್ಲ. ಹಾಗಾದರೆ ಈ ಭರವಸೆಗೆ ಬಲ ಎಲ್ಲಿಂದ? 3ನೇ ವಿಧಿಯಿಂದ. ಪ್ರತಿ ದೇಶವೂ ಮೊದಲು ತನ್ನನ್ನು ತಾನು ಕಾಯುವ ಶಕ್ತಿಯನ್ನು ಬೆಳೆಸಿಕೊಳ್ಳಬೇಕು, ಒಬ್ಬರಿಗೊಬ್ಬರು ನೆರವಾಗಬೇಕು ಎಂದು ಅದು ಹೇಳುತ್ತದೆ. 5ನೆಯದು ಮಾತು ಕೊಡುತ್ತದೆ, 3ನೆಯದು ಆ ಮಾತಿಗೆ ಬೇಕಾದ ಸರಕನ್ನು ಕೇಳುತ್ತದೆ.

ಭದ್ರಾ ಬಲದಂಡೆ ನಾಲೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವವರಿಗೆ ಈ ಸಮಸ್ಯೆಯ ಸ್ವರೂಪ ಬಿಡಿಸಿ ಹೇಳಬೇಕಾಗಿಲ್ಲ. ನಾಲೆ ಎಲ್ಲರದು. ಹೂಳು ತೆಗೆಯುವುದು, ಸರದಿಗೆ ಕಾಯುವುದು, ರಾತ್ರಿ ತೂಬಿನ ಬಳಿ ನಿಲ್ಲುವುದು ಎಲ್ಲರ ಕೆಲಸ. ಆದರೆ ಮೇಲ್ಭಾಗದವರಿಗೆ ದುಡಿದರೂ ದುಡಿಯದಿದ್ದರೂ ನೀರು ಬರುತ್ತದೆ. ಕೊನೆಭಾಗದವರಿಗೆ ಎಲ್ಲರೂ ಮಾತು ಉಳಿಸಿಕೊಂಡರೆ ಮಾತ್ರ ಬರುತ್ತದೆ. ಸೇನಾ ಮೈತ್ರಿಯಲ್ಲೂ ಹೀಗೆಯೇ. ಶತ್ರುವಿನಿಂದ ದೂರವಿರುವ ದೇಶಕ್ಕೆ ಖರ್ಚು ತಪ್ಪಿಸಿಕೊಳ್ಳುವ ಆಸೆ, ಗಡಿಯಲ್ಲಿರುವ ದೇಶಕ್ಕೆ ನೆರವು ಬರುತ್ತದೋ ಇಲ್ಲವೋ ಎಂಬ ಭಯ. 2014ರಲ್ಲಿ ನೇಟೊ ದೇಶಗಳು ಶೇ 2ರ ಗುರಿ ಇಟ್ಟುಕೊಂಡಾಗ ಅದನ್ನು ಮುಟ್ಟಿದ್ದವರು ಮೂವರೇ.

ಇನ್ನು ತುಂಗಭದ್ರೆಯ ದಂಡೆಗೆ ಬರೋಣ.

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ಸುಲ್ತಾನ್ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಮಿತ್ರರಾಜ್ಯ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಯುದ್ಧಕ್ಕೆ ಹೊರಟ, ಆದರೆ ಒಬ್ಬನೇ ಹೋಗುವ ಧೈರ್ಯ ಮಾಡಲಿಲ್ಲ. 1790ರ ಜೂನ್ 1ರಂದು ಪುಣೆಯಲ್ಲಿ ಪೇಶ್ವೆ ಸರ್ಕಾರದೊಂದಿಗೆ, ಜುಲೈನಲ್ಲಿ ಹೈದರಾಬಾದಿನ ನಿಜಾಮನೊಂದಿಗೆ ಒಪ್ಪಂದವಾಯಿತು. ಮರಾಠರ ಪರವಾಗಿ ಮಾತುಕತೆಯನ್ನು ನಡೆಸಿದವನು ನಾನಾ ಫಡ್ನವೀಸ. ಮೂವರೂ ಸೈನ್ಯ ತರಬೇಕು, ಗೆದ್ದ ನೆಲವನ್ನು ಸಮನಾಗಿ ಹಂಚಿಕೊಳ್ಳಬೇಕು, ಯಾರೂ ಉಳಿದವರನ್ನು ಬಿಟ್ಟು ಟಿಪ್ಪುವಿನೊಂದಿಗೆ ಪ್ರತ್ಯೇಕ ಸಂಧಿ ಮಾಡಿಕೊಳ್ಳಬಾರದು. ಕಾಗದದ ಮೇಲೆ ಇದು ಮೂವರು ಸಮಾನರ ಕೂಟ. ಕಾಗದದಲ್ಲಿ ಇಲ್ಲದ ಒಂದು ಸಂಗತಿ ಇತ್ತು: ಮೂರೂ ಸೈನ್ಯಗಳಿಗೆ ಒಬ್ಬ ಸೇನಾಪತಿ.

ಹಾಗಾಗಿ ಮೂವರೂ ತಮತಮಗೆ ಬೇಕಾದ ದಿಕ್ಕಿಗೆ ನಡೆದರು. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ, ಹೈದರ್ ಕಾಲದಲ್ಲಿ ಕಳೆದುಕೊಂಡಿದ್ದ ನೆಲವನ್ನು ಮರಳಿ ಪಡೆಯುವುದು ಮರಾಠರ ಆಸೆ. ಪರಶುರಾಮ ಭಾವೂ ಪಟವರ್ಧನ 1790ರ ಸೆಪ್ಟೆಂಬರಿನಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ; ಕ್ಯಾಪ್ಟನ್ ಲಿಟ್ಲ್ ಎಂಬವನ ಕೈಕೆಳಗಿನ ಕಂಪನಿಯ ಒಂದು ತುಕಡಿ ಅವನ ಜೊತೆಗಿತ್ತು. ಕೋಟೆಯೊಳಗಿದ್ದ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಆರು ತಿಂಗಳಿಗೂ ಹೆಚ್ಚು ಕಾಲ ತಡೆದು ನಿಂತ. ಅದೇ ಹೊತ್ತಿಗೆ ನಿಜಾಮನ ಸೈನ್ಯ ಕೊಪ್ಪಳದ ಕೋಟೆಯ ಮುಂದೆ ಕೂತಿತ್ತು. ಧಾರವಾಡ, ಕೊಪ್ಪಳ ಎರಡೂ ಬಿದ್ದದ್ದು 1791ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ, ಮಾರ್ಚ್ 21ರಂದೇ, ಕಾರ್ನ್‌ವಾಲಿಸ್ ಬೆಂಗಳೂರನ್ನು ಗೆದ್ದಾಗಿತ್ತು.

ಲಿಟ್ಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಯುವ ಅಧಿಕಾರಿ 1794ರಲ್ಲಿ ಈ ದಂಡಯಾತ್ರೆಯ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದ. ಮರಾಠರು ಒಂದು ಗುಂಡು ಹಾರಿಸಿ, ಅರ್ಧ ಗಂಟೆ ಹೊಗೆ ಸೇದುತ್ತಾ ಮಾತಾಡಿ, ಆಮೇಲೆ ಇನ್ನೊಂದನ್ನು ಹಾರಿಸುತ್ತಿದ್ದರು ಎಂಬ ಚಿತ್ರ ಅದರಲ್ಲಿದೆ. ಆಮೇಲಿನ ಇಂಗ್ಲಿಷ್ ಇತಿಹಾಸಕಾರರು ಇದನ್ನೇ ಎತ್ತಿಕೊಂಡು ಮಿತ್ರರ ಸೋಮಾರಿತನವನ್ನು ದೂರಿದರು. ಆ ದೂರು ಅರ್ಧ ಸತ್ಯ. ಮದ್ದುಗುಂಡು ದೂರದ ಪುಣೆಯಿಂದ ಬರಬೇಕಿತ್ತು ಮತ್ತು ಅದು ಸಾಕಷ್ಟು ಬರಲಿಲ್ಲ. ಪಾಲುದಾರರು ಯಾರ ಬಳಿ ಏನಿದೆ ಎಂದು ಮೊದಲೇ ನೋಡಿಕೊಳ್ಳದೆ ಕೂಡಿ ಹೊರಟರೆ ಹೀಗಾಗುತ್ತದೆ.

ಇದರ ಫಲ ಕಾಣಿಸಿದ್ದು ಶ್ರೀರಂಗಪಟ್ಟಣದ ಬಳಿ. 1791ರ ಮೇ 15ರಂದು ಅರಕೆರೆಯ ಬಳಿ ಗೆದ್ದರೂ ಕಾರ್ನ್‌ವಾಲಿಸನ ಸೈನ್ಯ ಹಸಿವಿನಿಂದ ಕಂಗೆಟ್ಟಿತ್ತು. ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು. ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ಕಣ್ಣಂಬಾಡಿಯ ಬಳಿ ಅವನ್ನು ತಾನೇ ಒಡೆಸಿ, ಅವನು ಬೆಂಗಳೂರಿನ ಕಡೆಗೆ ತಿರುಗಿದ. ಮೇಲುಕೋಟೆ ಸೀಮೆಯಲ್ಲಿ ದೂರದಿಂದ ಕುದುರೆಗಳ ದೊಡ್ಡ ದಂಡೊಂದು ಕಾಣಿಸಿತು. ಟಿಪ್ಪುವಿನ ಸವಾರರೆಂದು ಇಂಗ್ಲಿಷರು ಬಂದೂಕು ಎತ್ತಿದರು. ಬಂದವರು ಮರಾಠರು! ಪರಶುರಾಮ ಭಾವೂ ಮತ್ತು ಹರಿಪಂತ ಫಡಕೆಯ ಎರಡು ಸೈನ್ಯಗಳು ಅಷ್ಟು ಹತ್ತಿರದಲ್ಲಿದ್ದವೆಂಬ ಸುದ್ದಿಯೇ ಕಾರ್ನ್‌ವಾಲಿಸನಿಗೆ ಮುಟ್ಟಿರಲಿಲ್ಲ. ಓಲೆಕಾರರನ್ನು ಟಿಪ್ಪುವಿನ ಸವಾರರು ದಾರಿಯಲ್ಲೇ ಹಿಡಿಯುತ್ತಿದ್ದರು. ಕೆಲವೇ ದಿನ ಮೊದಲು ಸುದ್ದಿ ಸಿಕ್ಕಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು. ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಲ್ಲಲು 1792ರ ಫೆಬ್ರುವರಿಯವರೆಗೆ ಕಾಯಬೇಕಾಯಿತು.

ಹಾಗೆಂದು ಮರಾಠರ ನೆರವು ಸಣ್ಣದೇನಲ್ಲ. ಉಪವಾಸ ಬಿದ್ದಿದ್ದ ಇಂಗ್ಲಿಷ್ ಪಾಳೆಯಕ್ಕೆ ಅವತ್ತು ಧಾನ್ಯ ಸಿಕ್ಕಿದ್ದು ಮರಾಠರ ಪಾಳೆಯದ ಬಜಾರಿನಲ್ಲಿ. ಬೆಲೆ ದುಬಾರಿಯಾಗಿತ್ತು, ಆದರೆ ಸರಕು ಇತ್ತು. ಸೈನ್ಯದ ಹೊಟ್ಟೆ ತುಂಬಿಸುವ ವಿದ್ಯೆಯಲ್ಲಿ ಕಂಪನಿ ಇನ್ನೂ ಕಲಿಯುವ ಹಂತದಲ್ಲಿತ್ತು. ಬಂಜಾರರ ಎತ್ತಿನ ಹಿಂಡುಗಳನ್ನು ನೆಚ್ಚಬೇಕೆಂಬುದನ್ನು ಕಾರ್ನ್‌ವಾಲಿಸ್ ಆ ಬೇಸಿಗೆಯ ಪಾಡಿನಿಂದ ಅರಿತುಕೊಂಡ. ಇಂದು ನಾವು ಲಂಬಾಣಿಗರೆನ್ನುವ ಜನರೇ ಇವರು. ಇವರ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ಹರಿಹರ ಇರುವ ದಾವಣಗೆರೆ ಜಿಲ್ಲೆಯದೇ ನ್ಯಾಮತಿ ತಾಲ್ಲೂಕಿನಲ್ಲಿ. ದಖ್ಖನ್ನಿನ ಯುದ್ಧಗಳ ಪುಸ್ತಕಗಳಲ್ಲಿ ಸೇನಾಪತಿಗಳ ಹೆಸರಿಗೆ ಸಿಕ್ಕ ಜಾಗ, ಧಾನ್ಯ ಹೊತ್ತ ಈ ತಾಂಡಾಗಳಿಗೆ ಸಿಗಲಿಲ್ಲ.

ಒಬ್ಬ ಸೇನಾಪತಿ ಇಲ್ಲದ ಕೂಟದ ಇನ್ನೊಂದು ಬೆಲೆಯನ್ನು ತೆತ್ತವರು ಯುದ್ಧಕ್ಕೆ ಸಂಬಂಧವೇ ಇಲ್ಲದವರು. 1791ರಲ್ಲಿ ಪಟವರ್ಧನರ ಸವಾರರ ಒಂದು ಗುಂಪು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಮಠಕ್ಕೆ ನೆರವು ಕಳಿಸಿ ಪತ್ರ ಬರೆದವನು ಟಿಪ್ಪು. ಆ ಕನ್ನಡ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು. ಮಿತ್ರಪಕ್ಷದ ದಂಡು ಎಲ್ಲಿ ಸುಲಿಯಬಾರದು ಎಂದು ಅಪ್ಪಣೆ ಕೊಡುವ ಅಧಿಕಾರ ಯಾರಿಗೂ ಇರಲಿಲ್ಲ.

1791ರ ಕೊನೆಯಲ್ಲಿ ಭಾವೂ ಹೊಳೆಹೊನ್ನೂರನ್ನು, ಡಿಸೆಂಬರ್ 29ರ ಕಾಳಗದ ನಂತರ ಶಿವಮೊಗ್ಗವನ್ನು ಹಿಡಿದ. ಗೊತ್ತುಮಾಡಿದ್ದ ಯೋಜನೆಯ ಪ್ರಕಾರ ಅವನು ಶ್ರೀರಂಗಪಟ್ಟಣದ ಕಡೆ ಇಳಿಯಬೇಕಿತ್ತು. ಬಿದನೂರಿನ ಸಿರಿಯ ಆಸೆಗೆ ಮಲೆನಾಡಿನ ಕಡೆಗೇ ಹೊರಟ. ಅವನು ಬಂದು ಸೇರುವಷ್ಟರಲ್ಲಿ ಸಂಧಿಯ ಮೊದಲ ಕರಾರು ಆಗಿಹೋಗಿತ್ತು. 1792ರ ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ 3.30 ಕೋಟಿ ರೂಪಾಯಿಯನ್ನೂ ಕೊಡಬೇಕಾಯಿತು. ಮೂವರೂ ಹಂಚಿಕೊಂಡರು. ಮರಾಠರ ಗಡಿ ತುಂಗಭದ್ರೆಗೆ ಬಂದು ನಿಂತಿತು. ರಾಣೆಬೆನ್ನೂರಿಗೂ ಹರಿಹರಕ್ಕೂ ನಡುವೆ ಹರಿವ ಹೊಳೆ ಗಡಿಯಾದದ್ದು ಹೀಗೆ.

ಮೂರೇ ವರ್ಷ. 1795ರ ಮಾರ್ಚ್‌ನಲ್ಲಿ ಮರಾಠರು ಖರ್ಡಾದಲ್ಲಿ ನಿಜಾಮನನ್ನು ಸೋಲಿಸಿದರು. ಜೊತೆಯಲ್ಲಿ ಯುದ್ಧ ಮಾಡಿದ್ದ ಮೂವರಲ್ಲಿ ಇಬ್ಬರು ಕಾದಾಡುತ್ತಿದ್ದಾಗ ಮೂರನೆಯವರಾದ ಇಂಗ್ಲಿಷರು ಸುಮ್ಮನೆ ನೋಡುತ್ತಾ ನಿಂತರು. ಒಬ್ಬ ಶತ್ರುವಿನ ವಿರುದ್ಧ ಕೂಡಿದವರನ್ನು ಆ ಶತ್ರುವಿನ ಸೋಲಿನ ಮೇಲೂ ಹಿಡಿದಿಡುವಂಥದ್ದು ಆ ಕರಾರಿನಲ್ಲಿ ಇರಲಿಲ್ಲ.

ಖರ್ಡಾದ ಸೋಲು ನಿಜಾಮನನ್ನು ಬೇರೆ ಬಗೆಯ ಮೈತ್ರಿಗೆ ತಳ್ಳಿತು. ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿರುವ ಸಹಾಯಕ ಸೈನ್ಯ ಪದ್ಧತಿ ಅದು. 1798ರ ಸೆಪ್ಟೆಂಬರ್ 1ರ ಒಪ್ಪಂದದಂತೆ ಅವನು ತನ್ನಲ್ಲಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ವಿಸರ್ಜಿಸಿ, ಕಂಪನಿಯ ಆರು ಬೆಟಾಲಿಯನ್‌ಗಳನ್ನು ಇಟ್ಟುಕೊಂಡ. ಖರ್ಚು ಅವನದು, ಅಪ್ಪಣೆ ಕಂಪನಿಯದು. ಎರಡು ವರ್ಷದಲ್ಲಿ ಸೈನ್ಯ ಹೆಚ್ಚಾಯಿತು, ಖರ್ಚೂ ಹೆಚ್ಚಾಯಿತು. ನಗದು ಕೊಡುವ ಬದಲು ನೆಲವನ್ನೇ ಕೊಡುವುದೆಂದು 1800ರ ಅಕ್ಟೋಬರ್ 12ರಂದು ತೀರ್ಮಾನವಾಯಿತು. ಟಿಪ್ಪುವಿನಿಂದ 1792ರಲ್ಲೂ 1799ರಲ್ಲೂ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳನ್ನು ನಿಜಾಮ ಕಂಪನಿಗೆ ಬರೆದುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಅದಕ್ಕೇ. ಹರಪನಹಳ್ಳಿಯ ಜನ ಒಂದೂವರೆ ಶತಮಾನ ಮದ್ರಾಸಿನ ಕಡೆ ಮುಖ ಮಾಡಿ ಬದುಕಿದ್ದು ಹೈದರಾಬಾದಿನ ದೊರೆಯ ಸೇನಾ ಖರ್ಚಿನ ಸಲುವಾಗಿ.

ಇದರ ನಡುವೆ ಹರಿಹರದ ಮೇಲೆ ಸೈನ್ಯಗಳು ಹಾಯುತ್ತಲೇ ಇದ್ದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಯಿಂದ ತಪ್ಪಿಸಿಕೊಂಡ ಚನ್ನಗಿರಿಯ ಧೊಂಡಿಯಾ ವಾಘ್, ಈ ಸೀಮೆಯಲ್ಲಿ ಸಾವಿರಾರು ಸವಾರರನ್ನು ಕೂಡಿಸಿ ಕಂಪನಿಗೆ ಸವಾಲಾದ. ಅವನ ಬೆನ್ನು ಹತ್ತಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಬಳಿ ಹೊಳೆ ದಾಟಿದ. ಆಚೆ ದಂಡೆ ಮರಾಠರ ನೆಲ. ಅಲ್ಲಿಗೆ ಕಾಲಿಡಲು ಪುಣೆಯ ಒಪ್ಪಿಗೆ ಬೇಕಿತ್ತು, ಸಿಕ್ಕಿತು. ಅದೇ ತಿಂಗಳ ಕೊನೆಯಲ್ಲಿ ಕಿತ್ತೂರಿನ ಬಳಿ ಮರಾಠ ಸರದಾರ ಧೊಂಡೋಪಂತ ಗೋಖಲೆಯನ್ನು ಧೊಂಡಿಯಾ ಕೊಂದಿದ್ದ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನ ಬಳಿ ಧೊಂಡಿಯಾ ಬಿದ್ದಾಗ ವೆಲ್ಲೆಸ್ಲಿಯ ದಂಡಿನಲ್ಲಿ ಮೈಸೂರಿನ ಸವಾರರೂ ನಿಜಾಮನ ಸವಾರರೂ ಇದ್ದರು.

1803ರ ಆರಂಭದಲ್ಲಿ ಹರಿಹರ ಇನ್ನೂ ದೊಡ್ಡ ದಂಡನ್ನು ಕಂಡಿತು. ಮರಾಠ ಸರದಾರ ಹೋಳ್ಕರನಿಂದ ಸೋತು ಓಡಿದ್ದ ಪೇಶ್ವೆ ಎರಡನೇ ಬಾಜಿರಾಯ 1802ರ ಡಿಸೆಂಬರ್ 31ರಂದು ವಸಯಿಯಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಆರು ಸಾವಿರ ಸಿಪಾಯಿಗಳ ಪಡೆ ಅವನಿಗೆ ಕಾವಲು. ಅದರ ವೆಚ್ಚಕ್ಕೆ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಗಳು ಕಂಪನಿಗೆ. ಆ ಪಟ್ಟಿಯಲ್ಲಿ ಗುಜರಾತಿನ ಪರಗಣಗಳ ಜೊತೆಗೆ ನಮ್ಮ ಸವಣೂರು, ಬಂಕಾಪುರ ಸೀಮೆಗಳೂ ಇದ್ದವು. 1803ರ ಕೊನೆಗೆ ಅವುಗಳ ಬದಲು ಬುಂದೇಲಖಂಡದ ನೆಲ ಕೊಟ್ಟರು. ಸವಣೂರಿನ ಒಕ್ಕಲಿಗೆ ತನ್ನ ಹೊಲ ಒಮ್ಮೆ ಒತ್ತೆ ಬಿದ್ದು ಮತ್ತೆ ಬಿಡುಗಡೆಯಾದದ್ದು ತಿಳಿದಿತ್ತೋ ಇಲ್ಲವೋ.

ಪೇಶ್ವೆಯನ್ನು ಪುಣೆಯ ಗಾದಿಯ ಮೇಲೆ ಮರಳಿ ಕೂರಿಸಲು ಜನರಲ್ ಸ್ಟುವರ್ಟ್‌ನ ಮದ್ರಾಸ್ ಸೈನ್ಯ ಹರಿಹರದಲ್ಲಿ ಬೀಡುಬಿಟ್ಟಿತು. ಅಲ್ಲಿಂದ ಮಾರ್ಚ್ 9ರಂದು ವೆಲ್ಲೆಸ್ಲಿ ತನ್ನ ಪಡೆಯೊಂದಿಗೆ ಹೊರಟು, 12ರಂದು ಹಾವನೂರಿನ ಬಳಿ ತುಂಗಭದ್ರೆ ದಾಟಿ, ಏಪ್ರಿಲ್ 20ರಂದು ಪುಣೆ ಮುಟ್ಟಿದ. ಈ ನಡಿಗೆಯ ಹಿಂದೆ ಮೈಸೂರಿನ ಬಲವಿತ್ತು. ಫಿರಂಗಿ ಎಳೆದದ್ದು ಅಮೃತಮಹಲ್ ಎತ್ತುಗಳು. ಆ ತಳಿಯ ಕೇಂದ್ರ ಅಜ್ಜಂಪುರ ಹರಿಹರದಿಂದ ದೂರವೇನಿಲ್ಲ. ದವಸ, ಸಾಗಣೆ, ಸವಾರರನ್ನು ಒದಗಿಸಿದವರು ದಿವಾನ್ ಪೂರ್ಣಯ್ಯ. ಎರಡು ಸಾವಿರಕ್ಕೂ ಹೆಚ್ಚು ಸಿಲ್ಲೇದಾರ್ ಸವಾರರು ಜೊತೆಗಿದ್ದರು. ಸಿಲ್ಲೇದಾರ ಎಂದರೆ ಸ್ವಂತ ಕುದುರೆ, ಸ್ವಂತ ಆಯುಧದೊಂದಿಗೆ ಸೇವೆಗೆ ಬರುವವನು. ಕುದುರೆ ಸತ್ತರೆ ನಷ್ಟ ಅವನದೇ. ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ವೆಲ್ಲೆಸ್ಲಿ, ಪೇಶ್ವೆಯ ಒಪ್ಪಂದವನ್ನು ಒಪ್ಪದ ಮರಾಠ ಸರದಾರರಾದ ಸಿಂಧಿಯಾ ಮತ್ತು ಭೋಸಲೆಯರ ಸೈನ್ಯವನ್ನು ಎದುರಿಸಿದಾಗ, ಮರಾಠರ ಅಪಾರ ಅಶ್ವದಳ ಹಿಂದಿನಿಂದ ಮೇಲೆ ಬೀಳದಂತೆ ಮೈಸೂರಿನ ಸವಾರರೂ ಪೇಶ್ವೆಯ ಸವಾರರೂ ಕಾವಲು ನಿಂತರು. ಗೆಲುವಿನ ಹೆಸರೆಲ್ಲ ವೆಲ್ಲೆಸ್ಲಿಗೆ ಹೋಯಿತು.

ಆ ವರ್ಷದ ಡಿಸೆಂಬರ್ 29ರಂದು ಮೈಸೂರಿಗೂ ಕಂಪನಿಗೂ ನೆಲದ ಅದಲುಬದಲು ಒಪ್ಪಂದವಾಯಿತು. ಹೊಳಲ್ಕೆರೆ, ಮಾಯಕೊಂಡ, ಹರಿಹರ ಮೈಸೂರಿಗೆ ಬಂದವು. ವೈನಾಡು ಮೊದಲಾದ ಸೀಮೆಗಳು ಕಂಪನಿಗೆ ಹೋದವು. ಹರಿಹರ ಮೈಸೂರು ಸಂಸ್ಥಾನದ ಪಾಲಾದದ್ದು ಆಗ. 1818ರಲ್ಲಿ ಪೇಶ್ವೆಯ ಆಳ್ವಿಕೆಯೇ ಮುಗಿದು ರಾಣೆಬೆನ್ನೂರು ಕಂಪನಿಗೆ, ಮುಂದೆ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಮೂರು ಗಡಿಗಳ ಲೆಕ್ಕ ಅಲ್ಲಿಗೆ ಪೂರ್ಣವಾಯಿತು.

ಮೈಸೂರು ತೆತ್ತ ಬೆಲೆ ನೆಲದ ರೂಪದಲ್ಲಿರಲಿಲ್ಲ. ಟಿಪ್ಪುವಿನ ನಂತರ ಮೈಸೂರಿನ ಅರಸರೊಂದಿಗೆ ಆದ 1799ರ ಜುಲೈ 8ರ ಒಪ್ಪಂದದಂತೆ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ, ಕಂಪನಿಯ ಸೈನ್ಯಕ್ಕೆ ಕೊಡಬೇಕು. ಯುದ್ಧ ಬಂದರೆ ಹೆಚ್ಚುವರಿ ಖರ್ಚಿನಲ್ಲೂ ಪಾಲು. ಆ ಪಾಲು ಎಷ್ಟೆಂಬುದು ಅಸ್ಪಷ್ಟವಾಗಿತ್ತು. 1803ರ ಅನುಭವದ ನಂತರ, 1807ರ ಜನವರಿಯಲ್ಲಿ ಅದನ್ನು ಗೊತ್ತುಮಾಡಿದರು: ಮೈಸೂರು ಸದಾ 4,000 ಸವಾರರನ್ನು ಸಿದ್ಧವಾಗಿಡಬೇಕು, ಹೆಚ್ಚಿನ ಹಣ ಕೇಳುವಂತಿಲ್ಲ. ಪೂರ್ಣಯ್ಯನವರ ಚಾತುರ್ಯ ಇಲ್ಲಿದೆ ಎಂದು ಈ ಬರಹದ ನಂಬಿಕೆ. ಹಣವನ್ನು ಕೊಟ್ಟರೆ ಅದು ಕಂಪನಿಯ ಸೈನ್ಯವಾಗುತ್ತದೆ. ಸವಾರರನ್ನು ಕೊಟ್ಟರೆ ಕಸುಬು, ಕುದುರೆ, ಕೂಲಿ ಎಲ್ಲವೂ ಮೈಸೂರಿನ ಮನೆಗಳಲ್ಲೇ ಉಳಿಯುತ್ತದೆ. ಆ ಸವಾರರು 1817ರ ಡಿಸೆಂಬರ್ 21ರಂದು ದೂರದ ಮಹಿದ್‌ಪುರದಲ್ಲೂ ಹೋರಾಡಿದರು.

ಆದರೆ 1799ರ ಒಪ್ಪಂದದ 4 ಮತ್ತು 5ನೇ ವಿಧಿಗಳು ತೂಗುಗತ್ತಿಯಾಗಿದ್ದವು. ಕೊಡಬೇಕಾದ ಹಣಕ್ಕೆ ಅಪಾಯವಿದೆ ಎಂದು ಗವರ್ನರ್ ಜನರಲ್‌ಗೆ ಅನ್ನಿಸಿದರೆ ಸಾಕು, ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು. 1830ರಲ್ಲಿ ನಗರ ಸೀಮೆಯ ರೈತರು ಬಂಡೆದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ವಿಧಿಗಳನ್ನು ಬಳಸಿ ಮೈಸೂರನ್ನು ವಶಕ್ಕೆ ತೆಗೆದುಕೊಂಡ. ಅರಸರ ಆಳ್ವಿಕೆ ಮರಳಿದ್ದು ಐವತ್ತು ವರ್ಷಗಳ ನಂತರ, 1881ರ ಮಾರ್ಚ್‌ನಲ್ಲಿ. ಅಷ್ಟೂ ಕಾಲ ಕೊಡುಗೆಯ ಹಣ ನಿಲ್ಲಲಿಲ್ಲ. ಮರಳಿಸುವಾಗ ಅದನ್ನು 35 ಲಕ್ಷಕ್ಕೆ ಏರಿಸಿದರು, 24.5 ಲಕ್ಷಕ್ಕೆ ಇಳಿದದ್ದು 1928ರಲ್ಲಿ. ಇಂಗ್ಲಿಷರ ಸೈನ್ಯ ಇಲ್ಲೂ ಕಣ್ಣಿಗೆ ಕಾಣುತ್ತಿತ್ತು: ಹರಿಹರದಿಂದ ಎರಡು ಮೈಲಿ ವಾಯವ್ಯಕ್ಕೆ ಇದ್ದ ದಂಡಿನ ನೆಲೆಯಲ್ಲಿ 1865ರವರೆಗೆ ಒಂದು ಸಿಪಾಯಿ ರೆಜಿಮೆಂಟ್ ಇತ್ತು.

ದುಡ್ಡು ಕೊಟ್ಟವನ ಮಾತು ನಡೆಯುತ್ತದೆ ಎಂಬುದು ಲೋಕದ ತಿಳಿವಳಿಕೆ. ಇಲ್ಲಿ ನಡೆದದ್ದು ಅದರ ತಿರುಗುಮುರುಗು. ನಿಜಾಮ ಕೊಟ್ಟ, ಪೇಶ್ವೆ ಕೊಟ್ಟ, ಮೈಸೂರು ಕೊಟ್ಟಿತು. ಯಾರ ಮಾತೂ ನಡೆಯಲಿಲ್ಲ. ಕೊಡುವುದನ್ನು ನಿಲ್ಲಿಸುವ ಹಕ್ಕು ಅವರಿಗೆ ಇರಲಿಲ್ಲ, ತಮ್ಮದೇ ಆದ ಸಮರ್ಥ ಸೈನ್ಯವೂ ಉಳಿದಿರಲಿಲ್ಲ. 1790ರ ಕೂಟದಲ್ಲಿ ಮೂವರಿಗೂ ಸ್ವಂತ ಬಲವಿತ್ತು, ಕೂಡಿ ನಡೆಯುವ ವ್ಯವಸ್ಥೆ ಇರಲಿಲ್ಲ. 1800ರ ನಂತರ ವ್ಯವಸ್ಥೆ ಬಂತು, ಬಲ ಒಬ್ಬರ ಕೈಯಲ್ಲೇ ಉಳಿಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದೇ ಜಂಟಿ ರಕ್ಷಣೆಯ ಕಷ್ಟದ ಭಾಗ.

ನೇಟೊ ಇದನ್ನು ಸಾಧಿಸಲು ಯತ್ನಿಸಿದ ರೀತಿಯನ್ನು ನೋಡಬೇಕು. ಅಲ್ಲಿ ಒಂದೇ ಸೇನಾ ಆಜ್ಞಾ ವ್ಯವಸ್ಥೆ ಇದೆ. 1951ರಲ್ಲಿ ಐಸೆನ್‌ಹೋವರ್‌ನಿಂದ ಹಿಡಿದು ಇಂದಿನವರೆಗೆ ಯುರೋಪ್‌ನ ಮಹಾದಂಡನಾಯಕ ಅಮೆರಿಕದವನೇ. ಪ್ರಧಾನ ಕಾರ್ಯದರ್ಶಿ ಯುರೋಪಿನವರೇ. ತೀರ್ಮಾನಗಳು ಎಲ್ಲರ ಒಪ್ಪಿಗೆಯಿಂದ ಆಗಬೇಕು, ಬಹುಮತದಿಂದಲ್ಲ. ಫ್ರಾನ್ಸ್ 1966ರಲ್ಲಿ ಆ ಆಜ್ಞಾ ವ್ಯವಸ್ಥೆಯಿಂದ ಹೊರಬಂತು, 2009ರಲ್ಲಿ ಮರಳಿತು. ನಡುವೆ ಯಾರೂ ಪ್ಯಾರಿಸ್ಸಿನ ಆಡಳಿತವನ್ನು ವಶಪಡಿಸಿಕೊಳ್ಳಲಿಲ್ಲ. ಒಲ್ಲೆ ಎನ್ನುವ ಹಕ್ಕು ಎಷ್ಟು ದೊಡ್ಡದೆಂದು 1831ರ ಮೈಸೂರಿನ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ಹೊಣೆಯನ್ನು ಬರೀ ರೂಪಾಯಿಯಲ್ಲಿ ಅಳೆಯಲಾಗದು ಎಂಬುದಕ್ಕೂ ಅಲ್ಲಿ ಉದಾಹರಣೆಗಳಿವೆ. ಸ್ಥಾಪಕ ಸದಸ್ಯ ಐಸ್‌ಲೆಂಡ್‌ಗೆ ಸ್ವಂತ ಸೈನ್ಯವೇ ಇಲ್ಲ. ಉತ್ತರ ಅಟ್ಲಾಂಟಿಕ್‌ನ ನಟ್ಟನಡುವಿನ ನೆಲ ಅದರ ಕೊಡುಗೆ. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾಗಳಿಗೆ ಸ್ವಂತ ಯುದ್ಧವಿಮಾನಗಳಿಲ್ಲ. 2004ರಿಂದ ಇತರ ದೇಶಗಳ ವಿಮಾನಗಳು ಸರದಿಯ ಮೇಲೆ ಅವುಗಳ ಆಕಾಶವನ್ನು ಕಾಯುತ್ತಿವೆ. 5ನೇ ವಿಧಿ ಜಾರಿಯಾದದ್ದು ಒಮ್ಮೆ ಮಾತ್ರ, 2001ರ ಸೆಪ್ಟೆಂಬರ್ 12ರಂದು, ಅದೂ ಅಮೆರಿಕದ ನೆರವಿಗೆ. ಆ ವರ್ಷದ ಅಕ್ಟೋಬರ್‌ನಿಂದ ಮರುವರ್ಷದ ಮೇ ತಿಂಗಳವರೆಗೆ ನೇಟೊದ ಏಳು ಕಣ್ಗಾವಲು ವಿಮಾನಗಳು, 13 ದೇಶಗಳ ಸಿಬ್ಬಂದಿಯೊಂದಿಗೆ, ಅಮೆರಿಕದ ಆಕಾಶವನ್ನು ಕಾದವು. ಕಾಯುವ ಬಲ ತನ್ನಲ್ಲೇ ಇದೆ ಎಂದುಕೊಂಡಿದ್ದ ದೇಶವನ್ನು ಆಗ ಉಳಿದವರು ಕಾದರು.

ಭಾರತ ಇಂಥ ಯಾವ ಕೂಟಕ್ಕೂ ಸೇರಲಿಲ್ಲ. 1971ರ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಂದಿಗೆ ಮಾಡಿಕೊಂಡ ಒಪ್ಪಂದದ 9ನೇ ವಿಧಿಯೂ, ದಾಳಿಯ ಸಂದರ್ಭದಲ್ಲಿ ಕೂಡಲೇ ಸಮಾಲೋಚಿಸಬೇಕು ಎಂದು ಹೇಳಿತೇ ಹೊರತು ಜೊತೆಗೂಡಿ ಯುದ್ಧ ಮಾಡಬೇಕೆಂದು ಹೇಳಲಿಲ್ಲ. ಇದಕ್ಕೆ ಅನೇಕ ಕಾರಣಗಳಿವೆ. ಇನ್ನೊಬ್ಬರ ಯುದ್ಧಕ್ಕೆ ಸೈನ್ಯ ಕಳಿಸಿದ ನೆನಪು ಅವುಗಳಲ್ಲಿ ಒಂದು. 1918ರ ಸೆಪ್ಟೆಂಬರ್ 23ರಂದು, ಅಸ್ಸಾಯೆಯ ಕಾಳಗಕ್ಕೆ ಸರಿಯಾಗಿ 115 ವರ್ಷ ತುಂಬಿದ ದಿನ, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಹೈಫಾ ನಗರವನ್ನು ಗೆದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆಗೆ ಏರಿದವರಲ್ಲಿ ಮೈಸೂರಿನ ಸವಾರರಿದ್ದರು. ಅವರ ಶೌರ್ಯ ದೊಡ್ಡದು. ಆ ಯುದ್ಧಕ್ಕೆ ಇಳಿಯಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಅವರ ನಾಡಿಗೆ ಪಾಲಿರಲಿಲ್ಲ.

1947ರ ಆಗಸ್ಟ್‌ನಲ್ಲಿ ಮೈಸೂರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದಾಗ ಬಿಟ್ಟುಕೊಟ್ಟ ಮೂರು ವಿಷಯಗಳಲ್ಲಿ ರಕ್ಷಣೆ ಮೊದಲನೆಯದು. 1799ರಲ್ಲೂ ಅದನ್ನೇ ಬಿಟ್ಟುಕೊಟ್ಟಿತ್ತು. ಆದರೆ ಈ ಸಲ ರಕ್ಷಣೆಯ ಖರ್ಚನ್ನು ಮಂಜೂರು ಮಾಡುವ ಸಂಸತ್ತಿಗೆ ಈ ನಾಡಿನ ಜನ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತಾರೆ.

ಯುರೋಪಿನ ಮುಂದಿರುವ ಪ್ರಶ್ನೆಯೂ ಇದಕ್ಕೆ ಹತ್ತಿರದ್ದು. ಹೇಗ್‌ನ ತೀರ್ಮಾನವನ್ನು 2029ರಲ್ಲಿ ಪರಿಶೀಲಿಸಲಿದ್ದಾರೆ. ಆಗ ಪತ್ರಿಕೆಗಳ ಮುಖಪುಟದಲ್ಲಿ ಶೇಕಡಾವಾರು ಅಂಕಿಗಳೇ ರಾರಾಜಿಸುತ್ತವೆ. ಓದುವವರು ಅದರಾಚೆಗೆ ಹುಡುಕಬೇಕಾದ ಸಂಗತಿಗಳು ಬೇರೆ: ಆ ಹಣದಲ್ಲಿ ಎಷ್ಟು ಅಮೆರಿಕದ ಕಾರ್ಖಾನೆಗೆ ಹೋಯಿತು, ಎಷ್ಟು ಸ್ವಂತ ಕಾರ್ಖಾನೆಗಳಲ್ಲಿ ಗುಂಡು ತಯಾರಿಸಲು ಬಂತು, ಹಾರಾಟದಲ್ಲೇ ವಿಮಾನಗಳಿಗೆ ಇಂಧನ ತುಂಬುವ, ಉಪಗ್ರಹದಿಂದ ಗಡಿ ನೋಡುವ ಶಕ್ತಿ ಯುರೋಪಿನ ಕೈಯಲ್ಲಿ ಎಷ್ಟಿದೆ, ಮಹಾದಂಡನಾಯಕನ ಕುರ್ಚಿಯಲ್ಲಿ ಯಾರು ಕೂತಿದ್ದಾರೆ.